ಡಾಂಬರಿನ ಕೆಳಗಿನ ಹೊಸ್ತಿಲು

ಕುಂಬಾರರ ಓಣಿ, ಹಳೇ ಬಂದರು

ಮೇಯರ್ ಹಾಜಿ ಹಮಾದಿ ಅವರಿಗೆ ಸಲಾಮ್.

ನಿಮ್ಮ ಪ್ರಚಾರದ ಹಾಳೆಯಲ್ಲಿ ನಮ್ಮ ಓಣಿಯ ಹೊಸ ಡಾಂಬರಿನ ಚಿತ್ರ ನೋಡಿದೆ. ಪ್ರತಿ ಚುನಾವಣೆಗೂ ಹಳೆಯದನ್ನು ಕೀಳಿಸದೆ ಅದರ ಮೇಲೇ ಹೊಸದನ್ನು ಸುರಿಸಿದಿರಿ. ರಸ್ತೆ ಏರುತ್ತಾ ಹೋಗಿ ನಮ್ಮ ಹೊಸ್ತಿಲು ಗುಂಡಿಗೆ ಬಿದ್ದಿದೆ. ಮಂಡಿನೋವಿನ ಅಜ್ಜಿ ಮೇಲೆ ಹತ್ತಲಾರದೆ ರಮಝಾನ್ ಮುಗಿದಾಗಿನಿಂದ ಮನೆಯೊಳಗೇ ಇದ್ದಾಳೆ. ಇದು ಅಭಿವೃದ್ಧಿಯಲ್ಲ, ಬಡವರನ್ನು ಹೂಳುವ ಕೆಲಸ.

ನಿಮ್ಮ ವಿರುದ್ಧ ಕರಪತ್ರ ಹಂಚುವ ನನ್ನ ಮಾತನ್ನು ಅಜ್ಜಿ ಮಾತ್ರ ಕೇಳುವುದಿಲ್ಲ. "ಸುಮ್ನಿರೇ, ಕರಪತ್ರದ ರಾಣಿ! ಓಣಿಗೆ ದೀಪ ಹಾಕ್ಸಿದ್ದು ಹಮಾದಿನೇ. ನನ್ನ ಓಟು ಅವನಿಗೇ" ಎನ್ನುತ್ತಾಳೆ.

ಭಾನುವಾರದ ಮತದಾನಕ್ಕೆ ಮುಂಚೆ ನಮ್ಮ ಬಾಗಿಲಿಗೆ ಕಲ್ಲಿನ ಮೆಟ್ಟಿಲು ಹಾಕಿಸಿ. ಹಾಕಿಸದಿದ್ದರೆ ಅವಳನ್ನು ನಾನೇ ಬೆನ್ನ ಮೇಲೆ ಹೊತ್ತು ಮತಗಟ್ಟೆಗೆ ತರುತ್ತೇನೆ. ಅವಳ ಮತ ನಿಮಗೇ ಬೀಳಲಿ, ಅದು ಅವಳ ಹಕ್ಕು. ನನ್ನದು ನಿಮಗಿಲ್ಲ.

ಇಂತಿ,
ಮಬ್ರೂಕಾ ಅಜ್ಜಿಯ ಮೊಮ್ಮಗಳು
ಯುಸ್ರಾ