ಉಡಿಕೆಯ ರುಜುವಾತು

ಯರಗುಪ್ಪಿ
ರವಿವಾರ, 9 ನವೆಂಬರ್ 1986

ಮಗಳೇ ಫಕೀರವ್ವ,

ನಾವಿಬ್ಬರೂ ಆರಾಮಾಗಿದ್ದೇವೆ. ಕೂಸಿನ ಫೋಟೋ ಮುಟ್ಟಿತು. ನಿಮ್ಮಪ್ಪ ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಗೌಂಡಿ ಕೆಲಸಕ್ಕೆ ಹೋಗಿ, ಸುಣ್ಣದ ಕೈಯಿಂದಲೇ ಕಂಡವರಿಗೆಲ್ಲ ತೋರಿಸಿ, ಈಗ ಅದರ ಒಂದು ಮೂಲೆ ಬೆಳ್ಳಗಾಗಿದೆ. ಅಳಿಯಂದಿರು ತೀರಿಹೋದ ಮೇಲೆ ನೀನು ಕೂಸನ್ನು ಯಾರದೋ ಮನೆಯಲ್ಲಿ ಬಿಟ್ಟು ಆಸ್ಪತ್ರೆಯ ಕೆಲಸಕ್ಕೆ ಹೋಗುತ್ತೀ ಎಂದು ಕೇಳಿದಾಗಿನಿಂದ ಅವರಿಗೆ ಉಂಡ ಅನ್ನ ಮೈಗೆ ಹತ್ತುತ್ತಿಲ್ಲ.

ಈ ಲಕೋಟೆಯಲ್ಲಿ ನೀನು ಕೇಳಿದ ಕಾಗದಗಳ ಜೊತೆ ಕುಬಿಹಾಳದ ಅಂದಾನೆಪ್ಪನ ಅಫಿಡವಿಟ್ಟೂ ಇದೆ. ಅದನ್ನು ಮೊದಲು ಓದಬೇಡ. ನನ್ನ ಪತ್ರ ಓದಿ ಮುಗಿಸು, ಆಮೇಲೆ ಅದನ್ನು ಬಿಚ್ಚು.

ನಮ್ಮದು ಉಡಿಕೆ, ನನಗೆ ಎರಡನೆಯ ಲಗ್ನ ಎಂಬುದು ನಿನಗೆ ಗೊತ್ತಿದೆ. ಸಣ್ಣವಳಿದ್ದಾಗ ಕೆರೆಯ ಹತ್ತಿರ ಯಾರೋ ನಿನ್ನನ್ನು ಉಡಿಕಿ ಮಗಳು ಎಂದು ಕರೆದರೆಂದು ನೀನು ಖಾಲಿ ಕೊಡ ಹೊತ್ತು ತಿರುಗಿ ಬಂದಿದ್ದೆ. ಆಗ ನಾನು ನಿನಗೆ ಹೇಳಿದ್ದೆ: ನನ್ನನ್ನು ಮೊದಲು ಕುಬಿಹಾಳದ ಅಂದಾನೆಪ್ಪನಿಗೆ ಕೊಟ್ಟಿದ್ದರು, ಅಲ್ಲಿ ನನಗೆ ಬಾಳುವೆ ಆಗಲಿಲ್ಲ ಎಂದು. ಅದಕ್ಕಿಂತ ಹೆಚ್ಚು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವನ ಕೈ ಬಹಳ ಜೋರಿತ್ತು, ಮಗಳೇ. ಒಂದು ಸಲ ಬಿಸಿಲಿಗೆ ಹಾಕಿದ ಜೋಳ ಮಳೆಗೆ ತೋಯ್ದವೆಂದು ನನ್ನ ಮಣಿಕಟ್ಟು ಮುರಿದ. ನನ್ನ ಅಪ್ಪ ಬಂದು ಎತ್ತಿನ ಬಂಡಿಯಲ್ಲಿ ಮಲಗಿಸಿಕೊಂಡು ಕರೆತಂದ. ಎರಡೂ ಊರಿನ ಹಿರಿಯರು ಕೂತರು. ನಾನು ತಾಳಿ ಬಿಚ್ಚಿ ಅವರ ಮುಂದಿಟ್ಟೆ. ಇನ್ನು ಮುಂದೆ ಅವನಿಗೆ ಅವನ ದಾರಿ, ಇವಳಿಗೆ ಇವಳ ದಾರಿ ಎಂದು ಹೇಳಿ ಎದ್ದುಹೋದರು. ಬರೆದು ಇಡುವ ಪದ್ಧತಿ ಆಗ ನಮ್ಮಲ್ಲಿ ಇರಲಿಲ್ಲ.

ಮರುವರ್ಷ ನಿಮ್ಮಪ್ಪ ತಾವಾಗಿ ಬಂದು ಕೇಳಿದರು. ಉಡಿಕೆಗೆ ಹಂದರವಿಲ್ಲ, ಬಾಜಾ ಬಜಂತ್ರಿ ಇಲ್ಲ, ಲಗ್ನಪತ್ರಿಕೆ ಇಲ್ಲ. ಹೊತ್ತು ಮುಳುಗುವಾಗ ನಾಲ್ಕು ಜನರ ಮುಂದೆ ಹೊಸ ಸೀರೆ ಉಡಿಸಿ, ತಾಳಿ ಕಟ್ಟಿದರೆ ಮುಗಿಯಿತು. ಆ ಹೊತ್ತಿನಿಂದ ಈ ಹೊತ್ತಿನವರೆಗೆ ಅವರು ನನ್ನ ಮೇಲೆ ಕೈ ಎತ್ತಿದವರಲ್ಲ, ಆ ಮನೆಯ ಮಾತು ತೆಗೆದವರಲ್ಲ. ನಿನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನನ್ನು ಧಾರವಾಡದ ಶಿಕ್ಷಕಿಯರ ಟ್ರೇನಿಂಗ್ ಕಾಲೇಜಿಗೆ ಬಿಟ್ಟು ಬಂದವರು ಅವರೇ.

ನೀನು ಬರೆದಿದ್ದೆ: ತಾಯಿಯನ್ನು ಅಮೆರಿಕಾಕ್ಕೆ ಕರೆಸಿಕೊಳ್ಳಲು ಮಗಳು ಹುಟ್ಟಿದ ದಾಖಲೆ ಸಾಕು, ತಂದೆಯನ್ನು ಕರೆಸಿಕೊಳ್ಳಬೇಕಾದರೆ ತಂದೆತಾಯಿಗಳ ಮದುವೆಯ ದಾಖಲೆ ಬೇಕು ಎಂದು. ಅದೇನು ದೊಡ್ಡ ಮಾತು ಎಂದು ನಾವಿಬ್ಬರೂ ಒಳ್ಳೆಯ ಬಟ್ಟೆ ಉಟ್ಟುಕೊಂಡು ಕುಂದಗೋಳದ ಲಗ್ನ ನೋಂದಣಿ ಕಚೇರಿಗೆ ಹೋದೆವು. ಅಲ್ಲಿಯ ಗುಮಾಸ್ತರು ಯಾವ ಪದ್ಧತಿಯ ಲಗ್ನ ಎಂದು ಕೇಳಿದರು. ನಿಮ್ಮಪ್ಪ ಸರಳ ಮನುಷ್ಯ. "ಉಡಿಕಿ ರೀ ಸಾಹೇಬ್ರ" ಎಂದುಬಿಟ್ಟರು.

ಗುಮಾಸ್ತರು ಪೆನ್ನು ಕೆಳಗಿಟ್ಟರು. "ಹಂಗಾರ ಇವ್ರಿಗೆ ಮೊದ್ಲ ಒಂದ ಲಗ್ನ ಆಗಿತ್ತು. ಆ ಗಂಡ ತೀರಿಕೊಂಡಾನೋ, ಇದ್ದಾನೋ?"

"ಅದಾನ್ರಿ. ಕುಬಿಹಾಳದಾಗ."

"ಬಿಡುಗಡಿ ಆಗಿದ್ದಕ್ಕ ಏನ ಐತಿ?"

ಏನೂ ಇರಲಿಲ್ಲ. ಮನುಷ್ಯ ಒಳ್ಳೆಯವರೇ, ಕೂತು ತಿಳಿಸಿ ಹೇಳಿದರು: ಮೊದಲನೆಯದು ಮುರಿದದ್ದು ಖಾತ್ರಿ ಆಗದೆ ಎರಡನೆಯದು ಆಯಿತೆಂದು ಯಾರೂ ಬರೆಯಲು ಬರುವುದಿಲ್ಲ ಎಂದು.

ಹುಬ್ಬಳ್ಳಿಯಲ್ಲಿ ಶಂಭುಲಿಂಗಪ್ಪ ವಕೀಲರ ಹತ್ತಿರ ಹೋದೆವು. ಈಗಲೇ ಹೊಸದಾಗಿ ರಜಿಸ್ಟರ್ ಲಗ್ನ ಮಾಡಿಕೊಂಡರೆ ಆಗುವುದಿಲ್ಲವೇ ಎಂದು ನಾನೇ ಕೇಳಿದೆ. ಆಗ ನೀನು ನಮ್ಮ ಲಗ್ನಕ್ಕಿಂತ ಮೊದಲು ಹುಟ್ಟಿದ ಮಗಳಾಗುತ್ತೀ, ಅದರಿಂದ ನಿಮ್ಮಪ್ಪನಿಗೆ ಏನೂ ಉಪಯೋಗವಿಲ್ಲ ಎಂದರು. ಕೋರ್ಟಿಗೆ ಹೋದರೆ ಎಷ್ಟು ವರ್ಷ ಹಿಡಿಯುತ್ತದೋ ಹೇಳಲಾಗದು. ಅಲ್ಲಿದ್ದ ಒಬ್ಬರು, ಮೊದಲ ಲಗ್ನ ಆಗಿಯೇ ಇಲ್ಲವೆಂದು ಬರೆದುಕೊಡಿರಿ, ಅಮೆರಿಕಾದವರು ಕುಬಿಹಾಳಕ್ಕೆ ಬಂದು ನೋಡುತ್ತಾರೇನು ಎಂದರು. ಆದರೆ ಮೂಗರ್ಜಿ ಬರೆಯುವವರಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಒಂದು ಸುಳ್ಳು ಸಿಕ್ಕರೆ ಬಾಗಿಲು ಕಾಯಂ ಮುಚ್ಚುತ್ತದೆ ಎಂದು ನೀನೇ ಎಚ್ಚರಿಸಿದ್ದೆ.

ಕೊನೆಗೆ ವಕೀಲರು ಹೇಳಿದರು: "ರೂಢಿ ಪ್ರಕಾರ ಆದ ಬಿಡುಗಡಿನ ಕಾಯ್ದೆ ಒಪ್ಪತೈತ್ರಿ ಅಕ್ಕೋರ. ಆದ್ರ ಆತು ಅಂತ ಹೇಳವ್ರು ಬೇಕು. ಯಾರ ಮುಂದ ಆತು, ಯಾಕ ಆತು, ಎಲ್ಲಾ ಬರೀಬೇಕು."

ಅಂದು ಕೂತಿದ್ದ ಹಿರಿಯರಲ್ಲಿ ಒಬ್ಬರೂ ಉಳಿದಿಲ್ಲ. ಹೇಳಬಲ್ಲವನು ಅಂದಾನೆಪ್ಪ ಒಬ್ಬನೇ.

ತಿರುಗಿ ಬರುವಾಗ ಬಸ್ಸಿನಲ್ಲಿ ನಿಮ್ಮಪ್ಪ, "ನೀ ಒಬ್ಬಾಕಿನ ಹೋಗು. ಕೂಸಿಗೆ ಬೇಕಾಗಿದ್ದು ನೀನು. ನಾ ಅಲ್ಲಿ ಬಂದು ಯಾರ ಮನಿ ಕಟ್ಟಲಿ" ಎಂದರು. ಹೇಳುವಾಗ ಕಿಸೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಅವರನ್ನು ಬಿಟ್ಟು ನಾನು ಹೇಗೆ ಬರಲಿ? ಬರದೆ ನಿನ್ನನ್ನು ಆ ಸ್ಥಿತಿಯಲ್ಲಿ ಹೇಗೆ ಬಿಡಲಿ?

ಕುಬಿಹಾಳಕ್ಕೆ ನಾನೊಬ್ಬಳೇ ಹೋದೆ. ಆ ಮನೆಯ ಹೊಸ್ತಿಲು ತಾವು ತುಳಿಯುವುದು ಸರಿಯಲ್ಲವೆಂದು ನಿಮ್ಮಪ್ಪ ಬರಲಿಲ್ಲ. ಬಸ್ಸಿಳಿದಾಗ ಕಾಲಿಗೆ ಎರೆಮಣ್ಣು ಮೆತ್ತಿಕೊಂಡಿತು. ಅದನ್ನು ಕೆರೆಯುವ ನೆವ ಮಾಡಿ ಊರ ಹೊರಗಿನ ಕಲ್ಲಿನ ಮೇಲೆ ಸುಮ್ಮನೆ ಕೂತೆ. ಆ ಊರಿನ ಮಕ್ಕಳೂ ನನ್ನ ಕೈಯಲ್ಲಿ ಕಲಿತಿದ್ದಾರೆ. ಆದರೂ ಆ ಓಣಿಗೆ ನಾನು ಕಾಲಿಟ್ಟಿರಲಿಲ್ಲ.

ಕಟ್ಟೆಯ ಮೇಲೆ ಒಬ್ಬ ಹೆಂಗಸು ಶೇಂಗಾ ಬಿಡಿಸುತ್ತ ಕೂತಿದ್ದಳು. ಅವನ ಈಗಿನ ಹೆಂಡತಿ ಮರೆವ್ವ. ನನ್ನ ಹೆಸರು ಹೇಳಿದೆ. ಅವಳು ಸೀರೆ ಝಾಡಿಸಿ ಎದ್ದು, "ಬಾ ಯಕ್ಕಾ, ಬಿಸಲಾಗ ಯಾಕ ನಿಂತಿ" ಎಂದಳು. ಆ ಮನೆಯಲ್ಲಿ ನನಗೆ ಒಂದು ಸಂಬಂಧದ ಹೆಸರು ಇದೆಯೆಂದು ನಾನು ಎಣಿಸಿರಲಿಲ್ಲ.

ಅಂದಾನೆಪ್ಪ ಹೊರಸಿನ ಮೇಲಿದ್ದ. ಮೈ ಇಳಿದುಹೋಗಿದೆ, ದಮ್ಮಿನ ರೋಗವಿದೆ. ಮಗ ಸಣ್ಣಪ್ಪ, ಹಿಟ್ಟಿನ ಗಿರಣಿ ನಡೆಸುವವನು, ಬಾಜೂ ನಿಂತಿದ್ದ. ನಾನು ಬಂದ ಕೆಲಸ ಹೇಳಿದೆ. ಬೈದು ಕಳಿಸುತ್ತಾನೆಂದು ಅಂದುಕೊಂಡಿದ್ದೆ. ಅವನು ಎಲ್ಲ ಕೇಳಿ, "ಬರಕೋ. ಹೆಬ್ಬಟ್ಟು ಒತ್ತೇನಿ. ಆದ್ರ ಯಾಕ ಬಿಟ್ಟೆ ಅನ್ನೂದನ್ನ ನಾ ಹೇಳಿದಂಗ ಬರೀಬೇಕು" ಎಂದ.

ಏನೆಂದು ಕೇಳಿದೆ.

"ನಡತಿ ಸರಿ ಇದ್ದಿದ್ದಿಲ್ಲ, ಅದಕ್ಕ ಬಿಟ್ಟೆ ಅಂತ."

"ಅದು ಸುಳ್ಳಂತ ನಿಮಗ ಗೊತ್ತೈತ್ರಿ."

"ನಂಗ ಗೊತ್ತಿರೂದು ಬ್ಯಾರೆ" ಎಂದ. ಕೆಮ್ಮಿದ, ನೀರು ಕುಡಿದ. "ನೀ ಹ್ವಾದ ಮ್ಯಾಲೆ ಊರ ಮಂದಿ ಕೇಳಿದ್ರು. ಮರೆವ್ವನ ಅಪ್ಪ ಹೆಣ್ಣ ಕೊಡುವಾಗ ಕೇಳಿದ. ಎಲ್ಲಾರಿಗೂ ಇದನ್ನ ಹೇಳೇನಿ. ನನ್ನ ಮಕ್ಕಳು ಇದನ್ನ ಕೇಳಿ ಬೆಳದಾರ. ಈಗ ಸಾಯೂ ಹೊತ್ತಿನ್ಯಾಗ ಕಾಯ್ದೆ ಕಾಗದದಾಗ ಬ್ಯಾರೆ ಬರಸಿದ್ರ, ಇಷ್ಟ ದಿನ ಸುಳ್ಳ ಹೇಳಿದೆ ಅಂತ ನಾನ ಒಪ್ಪಿದಂಗ ಆತಲ್ಲ."

ಸಣ್ಣಪ್ಪ ನೆಲ ನೋಡುತ್ತಿದ್ದ. ನಾನು ಎದ್ದು ಹೊರಗೆ ಬಂದೆ. ಮರೆವ್ವ ಚಹಾ ಹಿಡಿದು ನಿಂತಿದ್ದಳು. ಅವಳ ಕೈ ಹಿಡಿದು ಕೇಳಿದೆ: ನಿನಗೆ ನಿಜ ಗೊತ್ತಿದೆ, ನಿನ್ನನ್ನು ಕೊಡುವ ಮೊದಲು ಬಿಡುಗಡೆ ಹೇಗಾಯಿತೆಂದು ಹಿರಿಯರು ನಿನ್ನ ಅಪ್ಪನಿಗೆ ಹೇಳಿಯೇ ಇರುತ್ತಾರೆ. ನೀನಾದರೂ ಬಂದು ಹೇಳು ಎಂದು.

"ಗೊತ್ತೈತಿ ಯಕ್ಕಾ. ಕೈ ಮುರದಿದ್ದನ್ನೂ ಅಂದಿದ್ರು. ಗೊತ್ತಿದ್ದ ಕೊಟ್ರು" ಎಂದಳು. "ಹೇಳಿ ಬಂದ್ರ ನಾ ಯಾರ ಮನ್ಯಾಗ ಇರ್ಲಿ? ಬರದುಬಿಡು. ನಿಂದು ಒಮ್ಮೆ ಕಾಗದದಾಗ ಬರಸ್ತಾನ. ನಂಗ ದಿನಾ ಬಾಯಿಲೆ ಅಂತಾನ."

ಆ ದಿನ ನಾನು ಬರೆಯದೆ ಬಂದೆ. ನಿಮ್ಮಪ್ಪನಿಗೆ, ಅವನು ವಿಚಾರ ಮಾಡಿ ಹೇಳುತ್ತಾನಂತೆ ಎಂದೆ. ಆಮೇಲೆ ನಿನ್ನ ಪತ್ರ ಬಂತು. ಕೂಸಿಗೆ ಜ್ವರ ಬಂದು, ನೀನು ಆಸ್ಪತ್ರೆಯಲ್ಲಿ ಬೇರೆಯವರ ಮಕ್ಕಳನ್ನು ನೋಡುತ್ತಿದ್ದಾಗ, ಅದು ಕೂಸು ನೋಡಿಕೊಳ್ಳುವ ಆ ಹೆಂಗಸಿನ ಮನೆಯಲ್ಲಿ ಅಳುತ್ತ ಮಲಗಿತ್ತೆಂದು ಬರೆದಿದ್ದೆ. ನಿಮ್ಮಪ್ಪನಿಗೆ ಅದನ್ನು ಓದಿ ಹೇಳಿದೆ. ಅವರು ಕರಣಿ ಹಿಡಿದು ಕೆಲಸಕ್ಕೆ ಹೋದರು, ಮಧ್ಯಾಹ್ನ ಬುತ್ತಿ ಬಿಚ್ಚದೆ ಹಾಗೆಯೇ ತಂದರು. ಆಗಲೂ ಅದೇ ಮಾತು. ನೀ ಒಬ್ಬಾಕಿನ ಹೋಗು.

ನಾನು ಮತ್ತೆ ಕುಬಿಹಾಳಕ್ಕೆ ಹೋದೆ.

ಅವನು ಹೇಳಿದ, ನಾನು ಬರೆದೆ. ಅಲ್ಲಿ ನೆಟ್ಟಗೆ ಬರೆಯಬಲ್ಲವಳು ನಾನೇ. ಅವನು ನಡತಿ ಎಂದ. ನನ್ನ ಕೈ ತಾನಾಗಿಯೇ ನಡತೆ ಎಂದು ತಿದ್ದಿ ಬರೆಯಿತು. ಎಷ್ಟೋ ವರ್ಷ ಮಕ್ಕಳ ಪಾಟಿ ತಿದ್ದಿದ ಕೈ. ಬರೆದು ಮುಗಿಸಿದ ಮೇಲೆ ಸಣ್ಣಪ್ಪನಿಗೆ ಓದು ಎಂದ. ಆ ಸಾಲು ಬಂದಾಗ ಹುಡುಗನ ದನಿ ಇಳಿಯಿತು. "ಗಟ್ಟ್ಯಾಗಿ ಓದು" ಎಂದ ಅಂದಾನೆಪ್ಪ. ಅವನು ಇನ್ನೊಮ್ಮೆ ಓದಿದ. ಇದು ಖರೆ ಎಂದು ನಾನೂ ಕೆಳಗೆ ಸಹಿ ಮಾಡಬೇಕೆಂದು ಅಂದಾನೆಪ್ಪನ ಹಟ. ಮಾಡಿದೆ.

ಕುಂದಗೋಳದಲ್ಲಿ ಅದನ್ನು ಟೈಪು ಮಾಡಿಸಬೇಕಾಯಿತು. ಟೈಪು ಮಾಡುವವನು ನನ್ನ ಶಾಲೆಯ ಹುಡುಗನೇ. ಅಕ್ಕೋರು ಬಂದರೆಂದು ಎದ್ದು ನಿಂತು, ತನ್ನ ಕುರ್ಚಿಯನ್ನೇ ನನಗೆ ಕೊಟ್ಟು, ತಾನು ಸ್ಟೂಲಿನ ಮೇಲೆ ಕೂತ. ಅರ್ಧ ಹಾಳೆ ಆದ ಮೇಲೆ ಅವನು ತಲೆ ಎತ್ತಿ ನನ್ನ ಕಡೆ ನೋಡಲಿಲ್ಲ. ಅಧಿಕಾರಿಗಳ ಮುಂದೆ ಅದನ್ನು ಓದಿ ಹೇಳಿದರು, ಸಣ್ಣಪ್ಪನ ಜೊತೆ ಬಂದಿದ್ದ ಅಂದಾನೆಪ್ಪ ಹೌದೆಂದ, ನಾನೂ ಹೌದೆಂದೆ. ಹೌದು ಎನ್ನುವಾಗ ನನಗೆ ನಾಚಿಕೆ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಕಿವಿಯಲ್ಲಿ ನೀರು ಹೊಕ್ಕಂತೆ ಎಲ್ಲ ದೂರದಿಂದ ಕೇಳುತ್ತಿತ್ತು, ಅಷ್ಟೇ.

ಮನೆಗೆ ಬಂದಾಗ ನಿಮ್ಮಪ್ಪ ಬಾಗಿಲಲ್ಲೇ ಇದ್ದರು. "ಏನ ಬರದಾನ, ಓದ ನೋಡೂಣು" ಎಂದರು. ಅವರಿಗೆ ತಮ್ಮ ಸಹಿಯ ಹೊರತು ಅಕ್ಷರ ಬರುವುದಿಲ್ಲ. ನಾನು ಹಾಳೆ ಹಿಡಿದು ಓದಿದೆ: ಇಬ್ಬರಿಗೂ ಹೊಂದಿಕೆ ಆಗದ ಕಾರಣ, ಇಬ್ಬರ ಒಪ್ಪಿಗೆಯಿಂದ, ಹಿರಿಯರ ಸಮಕ್ಷಮ ಬಿಡುಗಡೆ ಆಯಿತು ಎಂದು. ಅವರು ಇನ್ನೊಮ್ಮೆ ಓದಿಸಿದರು. ಎರಡನೆಯ ಸಲವೂ ಅದನ್ನೇ ಓದಿದೆ. "ಕಡೀಕ ಮನಶ್ಯಾ ಆದ ನೋಡ ಅಂದಾನೆಪ್ಪ" ಎಂದು ಅವರ ಕಣ್ಣಲ್ಲಿ ನೀರು ಬಂತು. ಈಗ ಚಹಾದಂಗಡಿಯಲ್ಲಿ ಕೂತು ಅವನನ್ನು ಹೊಗಳುತ್ತಾರೆ. ಹೋಗುವ ಮೊದಲು ಒಂದು ಪಟಕಾ ತೆಗೆದುಕೊಂಡು ಹೋಗಿ ಅವನ ತಲೆಗೆ ಸುತ್ತಿ ಬರೋಣ ಎನ್ನುತ್ತಾರೆ.

ಇನ್ನು ಆ ಕಾಗದ ಬಿಚ್ಚು. ಅದರಲ್ಲಿರುವ ನಿನ್ನ ಅವ್ವನನ್ನು ನಿನ್ನ ವಕೀಲರು ಓದುತ್ತಾರೆ, ಮದ್ರಾಸಿನ ಅಮೆರಿಕಾ ಕಚೇರಿಯ ಸಾಹೇಬರು ಓದುತ್ತಾರೆ. ಓದಲಿ. ನೀನು ಮಾತ್ರ ಅದನ್ನು ನಂಬಬೇಡ. ಮತ್ತು ನಿಮ್ಮಪ್ಪನಿಗೆ ತಿಳಿಯಗೊಡಬೇಡ. ನೀನು ಬರೆಯುವ ಪತ್ರಗಳನ್ನು ಓದಿ ಹೇಳುವವಳು ನಾನೇ ಆದರೂ, ಆ ಮಾತು ಯಾವುದರಲ್ಲೂ ಬರೆಯಬೇಡ. ಅವರು ನನ್ನನ್ನು ಒಂದು ದಿನವೂ ಏನೂ ಕೇಳದೆ ಬಾಳಿದ ಮನುಷ್ಯ. ನಾನೇ ಬರೆದು ಸಹಿ ಮಾಡಿದ್ದೇನೆ ಎಂದು ತಿಳಿದರೆ ಅವರು ಆ ಹಾಳೆ ತಿರುಗಿ ತರಿಸಿ ಹರಿದು ಒಲೆಗೆ ಹಾಕುತ್ತಾರೆ. ಆಮೇಲೆ ನಾನು ಒಬ್ಬಳೇ ಬರಬೇಕು, ಇಲ್ಲವೇ ಬರಲೇಬಾರದು.

ಕೂಸಿಗೆ ಎಣ್ಣೆ ಹಚ್ಚಿ ಎರೆ. ಅಲ್ಲಿಯ ಚಳಿಗೆ ಅಷ್ಟಾದರೂ ಬೇಕು.

ನಿನ್ನ ಅವ್ವ,
ದುರಗವ್ವ

ತಾ.ಕ.: ಬುಧವಾರ. ಲಕೋಟೆ ಅಂಟಿಸುವ ಮೊದಲೇ ನಿನ್ನ ಇನ್ನೊಂದು ಪತ್ರ ಬಂತು. ಮದ್ರಾಸಿನಲ್ಲಿ ನಮ್ಮಿಬ್ಬರನ್ನೂ ಬೇರೆ ಬೇರೆ ಕರೆದು ಕೇಳುತ್ತಾರೆ, ಅವ್ವನ ಮೊದಲ ಲಗ್ನ ಯಾಕೆ ಮುರಿಯಿತೆಂದು ಅಪ್ಪನನ್ನೂ ಕೇಳಬಹುದು, ಕಾಗದದಲ್ಲಿ ಇದ್ದಂತೆಯೇ ಹೇಳಬೇಕು, ಹೆಚ್ಚುಕಡಿಮೆಯಾದರೆ ಕೆಟ್ಟಿತು ಎಂದು ಬರೆದಿದ್ದೀ. ನಿಮ್ಮಪ್ಪ ನಾನು ಓದಿದ್ದನ್ನೇ ಬಾಯಿಪಾಠ ಮಾಡಿಕೊಂಡಿದ್ದಾರೆ. ಮದ್ರಾಸಿನಲ್ಲಿ ಅದನ್ನೇ ಹೇಳುತ್ತಾರೆ. ಆದ್ದರಿಂದ ಕಾಗದದಲ್ಲಿ ಇರುವುದನ್ನು ಅವರಿಗೆ ಹೇಳಲೇಬೇಕು. ಹೇಳಿದರೆ ಸಾಲದು, ಒಪ್ಪಿಸಬೇಕು. ಒಪ್ಪಿಸಿದರೆ ಸಾಲದು, ಕಲಿಸಬೇಕು. ಒಂದನೇ ಇಯತ್ತೆಯ ಮಕ್ಕಳನ್ನು ಎದುರಿಗೆ ಕೂಡಿಸಿಕೊಂಡು ಹೇಳಿಕೊಟ್ಟ ಹಾಗೆ, ನಿಮ್ಮಪ್ಪನನ್ನು ಎದುರಿಗೆ ಕೂಡಿಸಿಕೊಂಡು, ನನ್ನ ಹೆಂಡತಿಯ ನಡತೆ ಸರಿ ಇರಲಿಲ್ಲ ಎಂದು ತಡೆಯದೆ ಹೇಳುವುದನ್ನು ನಾನು ಕಲಿಸಬೇಕು. ಅವರು ಈಗ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದಾರೆ. ಊಟಕ್ಕೆ ಬಡಿಸಿ, ಆಮೇಲೆ ಶುರು ಮಾಡುತ್ತೇನೆ.