ಗದ್ದೆಗೆ ಇಳಿಸಬಾರದಿದ್ದ ನೇಗಿಲು

ರೀ, ನನ್ನ ಯಜಮಾನರೇ,

ಬೈಯೋಕೇ ಕೂತಿದ್ದೇನೆ. ಬದುಕಿದ್ದಾಗ ನಿಮ್ಮೆದುರು ದನಿ ಎತ್ತಿದವಳಲ್ಲ. ಈಗ ನೀವು ನಡುವೆ ಎದ್ದು ಜಗಲಿಗೆ ಹೋಗುವ ಹಾಗಿಲ್ಲ, ಪೂರ್ತಿ ಕೇಳಲೇಬೇಕು.

ಕನ್ನಡ ನಾಡೆಲ್ಲ ಒಂದಾಗಿ ರಾಜ್ಯ ದೊಡ್ಡದಾದ ಮರುವರ್ಷ ಬಯಲುಸೀಮೆಗೆ, ನನ್ನ ತವರಿಗೆ ಹೋಗಿದ್ದು ನೆನಪಿದೆಯೇ? ಅಪ್ಪ ಬೆದ್ದಲು ಹೊಲದಲ್ಲಿ ದೊಡ್ಡ ಕಬ್ಬಿಣದ ನೇಗಿಲು ಹೂಡಿದ್ದರು. ಎರಡು ಜೋಡಿ ಎತ್ತು ಏದುಸಿರು ಬಿಡುತ್ತ ಎಳೆಯುತ್ತಿದ್ದವು. ಗರಿಕೆ ಬೇರುಸಮೇತ ಮಗುಚಿ ಬಿಸಿಲಿಗೆ ಒಣಗುತ್ತಿತ್ತು. ನಿಮ್ಮ ಕಣ್ಣು ಅದರ ಮೇಲಿಂದ ಕದಲಲಿಲ್ಲ. ಅಪ್ಪ ಅದನ್ನೇ ನಿಮಗೆ ಕೊಟ್ಟರು. ಕೊಡುವಾಗ ನನ್ನೆದುರೇ ಹೇಳಿದರು: "ಇದು ಒಣ ಭೂಮಿಗೆ ರೀ, ಅಳಿಯಂದ್ರೇ. ಬೀಳುಬಿದ್ದ ನಿಮ್ಮ ಹಕ್ಕಲಿಗೆ ಹೂಡ್ರಿ. ಭತ್ತದ ಗದ್ದಿಗೆ ಮಾತ್ರ ಇಳಿಸಬ್ಯಾಡ್ರಿ. ಕೆಸರಿನ ಕೆಳಗಿನ ಗಟ್ಟಿ ನೆಲ ಒಡೆದ್ರೆ ನೀರು ನಿಲ್ಲಂಗಿಲ್ಲ." ತಲೆಯಾಡಿಸಿದಿರಲ್ಲ?

ಯುಗಾದಿಯ ಹೊನ್ನಾರು. ವರ್ಷದ ಮೊದಲ ಉಳುಮೆ, ಶಾಸ್ತ್ರಕ್ಕೆ ನಾಲ್ಕು ಸಾಲು ಎಳೆದರೆ ಸಾಕಿತ್ತು. ಊರವರೆಲ್ಲ ನೋಡುತ್ತಿದ್ದರಲ್ಲ, ನಿಮಗೆ ಹುಮ್ಮಸ್ಸು. ಕುಂಕುಮದ ತಟ್ಟೆ ಹಿಡಿದ ನಾನು ಮೆಲ್ಲಗೆ, "ಗದ್ದೆಗೆ ಬೇಡ ರೀ, ಹಕ್ಕಲಿಗೆ" ಅಂದೆ. "ಮಳೆ ಕಾಣದ ಊರೋರು ಸೊರಬದೋರಿಗೆ ಗದ್ದೆ ಹೇಳಿಕೊಡ್ತಾರಾ?" ಅಂತ ಎಲ್ಲರೆದುರು ನಕ್ಕಿರಿ. ನೇಗಿಲನ್ನು ಗದ್ದೆಗೇ ಇಳಿಸಿ, ಅದರ ಸರಪಳಿಯ ಕೊಂಡಿ ಬದಲಿಸಿ ಆಳ ಹೆಚ್ಚಿಸಿದಿರಿ. ಮೊದಲ ಮಳೆ ಬಿದ್ದ ಮೇಲೆ ಇಡೀ ಗದ್ದೆಯನ್ನೇ ಮಗುಚಿದಿರಿ.

ಮಳೆಗಾಲ ಬಂತು. ಸಂಜೆ ತುಂಬಿದ ನೀರು ಬೆಳಗ್ಗೆ ಇರುತ್ತಿರಲಿಲ್ಲ. ಪಕ್ಕದವರ ಗದ್ದೆಯಲ್ಲಿ ಕಪ್ಪೆ ಕೂಗುತ್ತಿದ್ದರೆ ನಮ್ಮ ಸಸಿ ಹಳದಿಯಾಗಿ ಮಲಗಿತು. ಅತ್ತೆ ಅಂಗಳದಲ್ಲಿ ನಿಂತು ಕೂಗಿದರು: "ಸೊಸೆ ತವರಿನ ಕಬ್ಬಿಣ ನಮ್ಮ ಅನ್ನಕ್ಕೆ ಕಲ್ಲು ಹಾಕ್ತು!" ನೀವು ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದಿರಿ. "ಅವಳು ಬೇಡ ಅಂದಿದ್ದಳು" ಅಂತ ಒಂದು ಮಾತು ಹೇಳಿದ್ದರೆ ಮುತ್ತು ಉದುರುತ್ತಿತ್ತೇ? ಕಾದೆ. ದೀಪಾವಳಿಗೆ ಮೊದಲೇ ಜ್ವರ ಬಂತು, ಆ ಮಾತು ಹೇಳದೆಯೇ ಹೋಗಿಬಿಟ್ಟಿರಿ. ಅಳಬೇಕೋ ಬೈಯಬೇಕೋ ತಿಳಿಯದೆ ನಾನು... ಇರಲಿ.

ಗದ್ದೆ ಮಾರೋಣ ಅಂದರು ನಿಮ್ಮ ತಮ್ಮ. ನಾನು ಬಿಡಲಿಲ್ಲ. ಬೇಸಿಗೆಯೆಲ್ಲ ಕೆರೆಯ ಗೋಡುಮಣ್ಣು ಹೊತ್ತು ತಂದು ಹರಡಿದೆ. ಮಳೆ ಹಿಡಿದ ಮೇಲೆ, ಅಡಿ ಮತ್ತೆ ಗಟ್ಟಿಯಾಗಲಿ ಅಂತ, ಕೆಸರಿನಲ್ಲಿ ಎಮ್ಮೆಗಳನ್ನು ಸುತ್ತಿಸಿ ಸುತ್ತಿಸಿ ತುಳಿಸಿದೆ. ಹಳೆಯ ಮರದ ನೇಗಿಲಿನಲ್ಲಿ, ಆಳಕ್ಕೆ ಇಳಿಯದ ಹಾಗೆ, ಮೇಲೆ ಮೇಲೆ ಉಳುಮೆ ಮಾಡಿಸಿದೆ. ಸೊಂಟ ಬಿದ್ದುಹೋಯಿತು. ಅತ್ತೆ ಒಂದು ಬುಟ್ಟಿ ಮಣ್ಣಿಗೂ ಕೈ ಹಾಕಲಿಲ್ಲ.

ಇವತ್ತು ಬೆಳಗ್ಗೆ ಹೋದರೆ ಅವರು ನನಗಿಂತ ಮೊದಲೇ ಬದುವಿನ ಮೇಲೆ ಕೂತಿದ್ದರು. ಗದ್ದೆ ತುಂಬ ನೀರು. "ನಿಂತೈತೆ ಕಣೇ" ಅಂದರು. ನನಗೆ ತಡೆಯಲಾಗಲಿಲ್ಲ. "ಒಡೆದದ್ದು ನನ್ನ ತವರಲ್ಲ, ನಿಮ್ಮ ಮಗ" ಅಂದೆ.

"ನಂಗೊತ್ತು. ನೀ ಬೇಡ ಅಂದದ್ದು ಅವತ್ತೇ ಕೇಳಿಸ್ಕಂಡಿದ್ದೆ. ಮಗನ ಮಾನ ಉಳೀಲಿ ಅಂತ ನಿನ್ನ ಮೇಲೆ ಹಾಕ್ದೆ."

ಕೇಳಿದಿರಾ? ನಿಮ್ಮ ಮಾನ ಉಳಿಯೋಕೆ ನನ್ನದು ಹೋಯಿತು. ನೀರು ನಿಂತ ಮಾತ್ರಕ್ಕೆ ನನ್ನ ಸಿಟ್ಟು ಇಳಿದಿಲ್ಲ.

ಬರುವ ಹೊನ್ನಾರಿಗೆ ಅಪ್ಪನ ನೇಗಿಲು ಹಕ್ಕಲಿಗೇ ಹೋಗುತ್ತದೆ. ವಿಧವೆ ಎದುರು ಬರಬಾರದು ಅನ್ನುವವರು ಅನ್ನಲಿ, ಎತ್ತಿನ ಮುಂದೆ ನಾನೇ ಇರುತ್ತೇನೆ. ಗದ್ದೆ ಕೆಡಿಸಿದ್ದು ಯಾರು ಅಂತ ಅವತ್ತು ಊರಿಗೆಲ್ಲ ತಿಳಿಯಬೇಕು. ಗಂಡನ ಹೆಸರು ನಾನು ಬಾಯಲ್ಲಿ ಹೇಳುವ ಹಾಗಿಲ್ಲ. ನಿಮ್ಮಮ್ಮ ಹೇಳುತ್ತಾರೆ. ಹೂಂ ಅಂದಿದ್ದಾರೆ.