ನಡುಹೊಳೆಯ ದೋಣಿ

೧೦-೧-೧೯೯೯, ಭಾನುವಾರ, ಶಿಕಾರಿಪುರ

ಬೆಳಿಗ್ಗೆಯೇ ಪಡಸಾಲೆ ಗುಡಿಸಿ ನಾಲ್ಕು ಚಾಪೆ ಹಾಸಿದೆ. ಮಂಡಕ್ಕಿಗೆ ಒಗ್ಗರಣೆ. ಹನ್ನೊಂದಕ್ಕೆ ಸರಿಯಾಗಿ ಶಿರಾಳಕೊಪ್ಪದ ಬೀಜದಂಗಡಿಯ ಗಂಗಾಧರಪ್ಪನವರು, ಜೊತೆಗೆ ಅವರ ತಮ್ಮನ ಮಗಳು ಧನ್ಯಾ. ಸೊರಬದಿಂದ ರಾಜೇಶ್ವರಮ್ಮ ಬಂದದ್ದು ಮಾತ್ರ ತಡವಾಗಿ. ನರ್ಸ್ ಆಗಿ ಜೀವಮಾನವೆಲ್ಲ ಗಡಿಯಾರ ನೋಡಿ ದುಡಿದವರು, ನಿವೃತ್ತಿಯ ಮೇಲೆ ಗಡಿಯಾರವನ್ನೇ ಮರೆತಿದ್ದಾರೆ. ಹಾಗೆಂದು ಹೇಳಿಯೇ ಹೇಳಿದೆ.

"ಎಂಥ ಮಾರಾಯ್ರೇ, ಬಸ್ಸಿಗೂ ನಿಮ್ ಶಾಲೆ ಬೆಲ್ಲು ಕೇಳ್ಬೇಕಾ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಡುಗೆಮನೆಗೆ ಹೋಗಿ ನಕ್ಕೆ.

ಆಟಕ್ಕೆ ಇಂದಿಗೆ ಮೂರು ವರ್ಷ ತುಂಬಿತು. ಎಲ್ಲಿಯೂ ಇಲ್ಲದ ಊರೊಂದನ್ನು ನಾಲ್ವರೇ ಬಾಯಿಮಾತಿನಲ್ಲಿ ಕಟ್ಟಿದ್ದೇವೆ — ನೇರಲಹೊಳೆ. ಅಲ್ಲಿ ನಾನು ಗೌಡಶಾನಿ. ಗಂಗಾಧರಪ್ಪ ಕಳ್ಳ. ಧನ್ಯಾ, ಕಾಣೆಯಾದ ಅಣ್ಣನನ್ನು ಹುಡುಕಿ ಬಂದ ಹುಡುಗಿ. ರಾಜೇಶ್ವರಮ್ಮ ಹೊಳೆ ದಾಟಿಸುವ ತುಂಗವ್ವ. ಅವರ ಕರಿಯ ಕೊಡೆಯೇ ದೋಣಿ ನೂಕುವ ಜಲ್ಲೆ. ಚಾಪೆಯ ಮೇಲೆ ಕೂತ ಬಳಿಕ ಯಾರೂ ತಾವಲ್ಲ. ನಿಯಮ ಒಂದೇ, ನಾನು ವಿಧಿಸಿದ್ದು: ಒಬ್ಬರ ಪಾತ್ರವನ್ನು ಮತ್ತೊಬ್ಬರು ಆಡಿಸುವಂತಿಲ್ಲ.

ಇಂದು ಹುಡುಗಿ ದೋಣಿ ಹತ್ತಿದಳು. ಆಚೆ ದಂಡೆಯಲ್ಲಿ ಅಣ್ಣನಿದ್ದಾನೆಂದು ಸುದ್ದಿ. ಹೊಳೆ ಏರುತ್ತಿದೆ, ಹಿಂದಿರುಗು ಎಂದು ಈಚೆ ದಂಡೆಯಿಂದ ನಾನು ಅಪ್ಪಣೆ ಮಾಡಿದೆ. ತುಂಗವ್ವ ನಡುಹೊಳೆಯಲ್ಲಿ ಜಲ್ಲೆ ಊರಿ ನಿಂತಳು. ಇತ್ತ ನೋಡಿದಳು, ಅತ್ತ ನೋಡಿದಳು. ಇದ್ದಕ್ಕಿದ್ದಂತೆ — "ಅಯ್ಯೋ, ನನ್ ಬಸ್ಸು!"

"ಯಾವ ದಂಡೆಗೆ ಅಂತಾದ್ರೂ ಹೇಳಿ ಹೋಗ್ರಿ!" ಗಂಗಾಧರಪ್ಪ.

"ಹೇಳದಿಲ್ಲ. ಬರೋ ಸಲದ ತನ್ಕ ಒದ್ದಾಡ್ರಿ."

ಓಡಿಯೇ ಹೋದರು. ಕೊಡೆ ಬಾಗಿಲ ಹಿಂದೆ ಉಳಿಯಿತು.

೨೪-೧, ಭಾನುವಾರ

ರಾಜೇಶ್ವರಮ್ಮ ಬರಲಿಲ್ಲ. ಎರಡು ಬಸ್ಸು ನೋಡಿದೆವು.

"ಎಷ್ಟೊತ್ತು ಅಂತ ದಂಡೇಲಿ ನಿಂತ್ಕಳದು ಟೀಚರೇ? ನಿಮ್ ಆಳುಗಳ್ನ ಕಳಿಸಿ ಬ್ಯಾರೆ ದೋಣಿ ಬಿಡ್ರಿ," ಎಂದರು ಗಂಗಾಧರಪ್ಪ.

ಸಾಧ್ಯವಿಲ್ಲ ಎಂದೆ. ಹೊಳೆ ತುಂಗವ್ವನದು.

"ಟೀಚರ್, ನಾನಿರೋದು ಆ ದೋಣೀಲಿ," ಎಂದಳು ಧನ್ಯಾ. "ಇವತ್ತು ನಾನು ಮಾತಾಡೋ ಹಂಗೂ ಇಲ್ವಾ?"

ಯಾರೊಡನೆ ಮಾತನಾಡುತ್ತಾಳೆ? ಮಂಡಕ್ಕಿ ತಿಂದು ಎದ್ದರು. ಮಿಕ್ಕದ್ದು ಮೆತ್ತಗಾಯಿತು.

೨೫-೧

ಬೂತಿನಿಂದ ಸೊರಬಕ್ಕೆ ಫೋನ್ ಮಾಡಿದೆ. ಮಗಳು ಜ್ಯೋತಿಲಕ್ಷ್ಮಿ ಎತ್ತಿದಳು. ಲಕ್ವ. ಬಲಗಡೆ ಪೂರ್ತಿ. ಮಾತು ನಿಂತಿದೆ. ಈಗ ಯಾರೂ ನೋಡಲು ಬರುವುದು ಬೇಡವೆಂದು ಡಾಕ್ಟರ್ ಹೇಳಿದ್ದಾರಂತೆ.

ಮಾತು ನಿಂತಿದೆ... ಅವರದು.

೭-೨, ಭಾನುವಾರ

ಚಾಪೆ ನಾಲ್ಕನ್ನೂ ಹಾಸಿದೆ.

ಗಂಗಾಧರಪ್ಪನವರು ಪಕ್ಕದ ಮನೆಯ ಮಾಲಾಳನ್ನು ಆಟಕ್ಕೆ ಕರೆದರು. ಹೊಸಬರು ಬಂದರೆ ಒಳ್ಳೆಯದೇ. ಆದರೆ ಊರಿನ ಮೂರು ವರ್ಷದ ಕಥೆ ತಿಳಿಯದೆ ಚಾಪೆಯ ಮೇಲೆ ಕೂರುವುದು ಹೇಗೆ? ಕಳ್ಳನಿಗೂ ನನಗೂ ಹಗೆ ಹುಟ್ಟಿದ್ದು, ಮಾವಿನ ತೋಪು ಸುಟ್ಟದ್ದು, ಅಣ್ಣ ಊರು ಬಿಟ್ಟದ್ದು — ಆರಂಭದಿಂದ ಹೇಳಿದೆ. ನಡುವೆ ಆಕೆ ತುಂಗವ್ವನ ಚಾಪೆಯ ಮೇಲೆ ಕೂರಲು ಹೋದಳು. ಬೇಡವೆಂದೆ. ಮೆಲ್ಲಗೆಯೇ ಅಂದೆ.

"ಕುಕ್ಕರ್ ಇಟ್ಟು ಬಂದೀನ್ರಿ ಟೀಚರ್, ಬಂದೆ," ಎಂದು ಹೋದವಳು ಬರಲಿಲ್ಲ.

"ಆಡಕ್ಕೆ ಬಂದೋಳಿಗೆ ಪಾಠ ಮಾಡಿದ್ರಲ್ರೀ," ಎಂದರು ಗಂಗಾಧರಪ್ಪ. ನಗುತ್ತಲೇ. ಆ ನಗು ಹಿಡಿಸಲಿಲ್ಲ.

೨೧-೨, ಭಾನುವಾರ

ಧನ್ಯಾ ಬಿಟ್ಟಳು. ಹೇಳಿಯೇ ಬಿಟ್ಟಳು; ಆ ಮಟ್ಟಿಗೆ ಸಭ್ಯಳು. ಶಿವಮೊಗ್ಗದ ಅವಳ ಕಾಲೇಜಿನ ಕಂಪ್ಯೂಟರಿಗೆ ಇಂಟರ್ನೆಟ್ ಬಂದಿದೆ. ಅಲ್ಲಿಯೂ ಇಂಥದೇ ಆಟವಂತೆ: ಇಲ್ಲದ ಊರು, ಒಬ್ಬೊಬ್ಬರಿಗೆ ಒಂದೊಂದು ಪಾತ್ರ, ಬರೆದು ಬರೆದು ಕಳಿಸುವುದು.

"ನೂರಾರು ಜನ ಟೀಚರ್. ಒಬ್ರು ಬರಲಿಲ್ಲ ಅಂದ್ರೆ ಕಥೆ ನಿಲ್ಲಲ್ಲ. ಇನ್ನೊಬ್ರು ಮುಂದಕ್ಕೆ ತಗೊಂಡು ಹೋಗ್ತಾರೆ."

ಒಬ್ಬರು ಬರದಿದ್ದರೂ ಗೊತ್ತಾಗದ ಊರು ಅದೆಂಥ ಊರು ಎಂದು ಕೇಳಿದೆ.

"ನೀರಿನ ಮಧ್ಯ ಕೂತು ಕೂತು ಸಾಕಾಯ್ತು ಟೀಚರ್. ಒಂದೇ ಒಂದು ಸಲ, ಯಾವ ದಂಡೆಗಾದ್ರೂ ಸರಿ, ಇಳಿಸಿಬಿಡಿ. ಇಳಿದು ಹೋಗ್ತೀನಿ."

ಇಳಿಸುವುದು ನನ್ನ ಕೈಯಲ್ಲಿಲ್ಲ ಎಂದೆ. ಕಾಲಿಗೆ ನಮಸ್ಕರಿಸಿ ಹೊರಟಳು.

ಗಂಗಾಧರಪ್ಪನವರು ಚಪ್ಪಲಿ ಮೆಟ್ಟಿಕೊಳ್ಳುತ್ತ ನಿಂತರು. "ನಾನು ಕಳ್ಳ, ನೀವು ಗೌಡಶಾನಿ. ಇಬ್ರೇ ಉಳದ್ವಿ. ದಿನಾ ನೀವು ಹಿಡೀಬೇಕು, ದಿನಾ ನಾನು ಸಿಕ್ಕಬೇಕು... ಇದು ಆಟ ಅಲ್ರಿ, ಸಂಸಾರ ಆತು." ನಗಿಸಲೆಂದೇ ಹೇಳಿದರು. ಅವರ ಕಣ್ಣು ಬಾಗಿಲ ಹಿಂದಿನ ಕೊಡೆಯ ಮೇಲಿತ್ತು.

ಮುಂದಿನ ಸಲ ಅಂಗಡಿಯಲ್ಲಿ ಕೆಲಸವಿದೆಯಂತೆ.

೪-೩, ಗುರುವಾರ

ಸೊರಬಕ್ಕೆ ಹೋಗಿಬಂದೆ. ಕೊಡೆ ಒಯ್ದಿದ್ದೆ.

ಕಿಟಕಿಯ ಪಕ್ಕ ಮಲಗಿಸಿದ್ದಾರೆ. ಸಣ್ಣಗಾಗಿದ್ದಾರೆ. ನನ್ನನ್ನು ಕಂಡೊಡನೆ ಕಣ್ಣು ತುಂಬಿತು. ನಾನು ಅಳಲಿಲ್ಲ. ಕುರ್ಚಿ ಎಳೆದು ಕೂತು, ಗೌಡಶಾನಿಯ ಗತ್ತಿನಲ್ಲೇ ಕೇಳಿದೆ — "ತುಂಗವ್ವ, ದೋಣಿಯನ್ನು ಎಷ್ಟು ದಿನ ನಡುನೀರಿನಲ್ಲಿ ನಿಲ್ಲಿಸುತ್ತೀ?"

ತುಟಿಯ ಒಂದು ತುದಿ ನಕ್ಕಿತು. ಒಂದೇ ತುದಿ.

ಎಡಗೈಗೆ ಕೊಡೆ ಕೊಟ್ಟೆ. ಗಟ್ಟಿಯಾಗಿ ಹಿಡಿದರು. ಆಮೇಲೆ ಮೆಲ್ಲನೆ, ಬಹಳ ಕಷ್ಟಪಟ್ಟು, ನನ್ನ ಮಡಿಲಿಗೆ ನೂಕಿದರು. ಕೈ ಸೋತಿರಬೇಕೆಂದು ಮತ್ತೆ ಅವರ ಮಗ್ಗುಲಿಗೆ ಇಟ್ಟೆ. ಮತ್ತೆ ನೂಕಿದರು.

"ನಿಮ್ಮದು ನಿಮ್ಮಲ್ಲಿಯೇ ಇರಲಿ. ನೀವು ಬಂದ ಮೇಲೆಯೇ ಆಟ. ಅಲ್ಲಿಯತನಕ ಯಾರೂ ಮುಟ್ಟುವುದಿಲ್ಲ," ಎಂದು ಧೈರ್ಯ ಹೇಳಿದೆ.

ಗೋಡೆಯ ಕಡೆ ಮುಖ ತಿರುಗಿಸಿದರು. ದಣಿದಿದ್ದಾರೆ ಎಂದುಕೊಂಡು ಎದ್ದು ಬಂದೆ.

೨೧-೩, ಭಾನುವಾರ

ಯಾರೂ ಬರಲಿಲ್ಲ. ಚಾಪೆ ಹಾಸಿದ್ದೆ.

೨೩-೩

ನಿನ್ನೆ ಮುಂಜಾನೆ ಹೋದರಂತೆ. ಸುದ್ದಿ ಸಿಕ್ಕು ನಾನು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

೨-೪, ಶುಕ್ರವಾರ

ಜ್ಯೋತಿಲಕ್ಷ್ಮಿ ಬಂದಿದ್ದಳು, ಕೊಡೆ ಹಿಡಿದು. ನೀರು ಕೊಟ್ಟೆ. ಕುಡಿಯದೆ ಕೈಯಲ್ಲೇ ಹಿಡಿದು ಕೂತಳು.

"ನೀವು ಬಂದು ಹೋದ್ಮೇಲೆ ಅಮ್ಮ ದಿನಾ ಇದನ್ನೇ ಬಾಗ್ಲ ಕಡೆ ಚಾಚ್ತಿದ್ಲು ಟೀಚರ್. ಹೊರಗ್ ಹೋಗ್ಬೇಕನಾ ಅಂತ ಕೇಳ್ದೆ, ಅಲ್ಲ. ಬಿಸಿಲಾ ಅಂದೆ, ಅದೂ ಅಲ್ಲ. ಕಡೀಗೆ ಶಿಕಾರಿಪುರಾನಾ, ಟೀಚರಿಗೆ ಕೊಡ್ಬೇಕಾ ಅಂದೆ. ಆಗ ಕಣ್ಣು ಮುಚ್ಚಿ ತೆಗೆದ್ಲು. ಎಂಥಕ್ಕೆ ಅಂತ ನಂಗೆ ಗೊತ್ತಾಗ್ಲಿಲ್ಲ. ನಿಮಗ್ ಗೊತ್ತಾ?"

ಗೊತ್ತು ಎಂದೆ.

ಕೊಡೆಯನ್ನು ಈಸಿಕೊಂಡು ಮಡಿಲಲ್ಲಿಟ್ಟುಕೊಂಡೆ. ಎಷ್ಟು ಪದಗಳನ್ನು ಕಲಿಸಿದ ಬಾಯಿ, ಆಡಿದ್ದು ಒಂದೇ ಪದ.

೪-೪, ಭಾನುವಾರ

ನಾಲ್ಕು ಚಾಪೆ. ಮಂಡಕ್ಕಿ ಮಾಡಲಿಲ್ಲ.

ಹನ್ನೊಂದಕ್ಕೆ ನನ್ನ ಚಾಪೆಯ ಮೇಲೆ ಕೂತೆ. ಹನ್ನೊಂದೂವರೆಯವರೆಗೆ ಕಾದೆ, ಸೊರಬದ ಬಸ್ಸು ಬಂದು ಹೋದ ಸದ್ದು ಕೇಳಿತು. ಎದ್ದು ಹೋಗಿ ತುಂಗವ್ವನ ಚಾಪೆಯ ಮೇಲೆ ಕೂತೆ. ಅಲ್ಲಿಂದ ನೋಡಿದರೆ ಗೌಡಶಾನಿಯ ಜಾಗ ಬಹಳ ದೂರ.

ಕೊಡೆಯ ಹಿಡಿಯಲ್ಲಿ ಅವರ ಬೆರಳು ಸವೆಸಿದ ನುಣುಪು ಹಾಗೆಯೇ ಇದೆ. ಎದುರಿಗೆ ಧನ್ಯಾಳ ಚಾಪೆ, ಖಾಲಿ. ಅವಳು ಹೋದಳು. ಹುಡುಗಿ ಎಲ್ಲಿ ಹೋದಳು? ದೋಣಿಯಲ್ಲೇ ಇದ್ದಾಳೆ. ಹೊಳೆ ಏರಿದೆ. ನನ್ನ ಮುಖವನ್ನೇ ನೋಡುತ್ತಿದ್ದಾಳೆ.

ಯಾವ ದಂಡೆ ಎಂದು ಅವರು ಹೇಳಲೇ ಇಲ್ಲ.

ಕೊಡೆ ನೆಲಕ್ಕೆ ಊರಿದೆ. ಗಟ್ಟಿಯಾಗಿಯೇ ಹೇಳಿದೆ, ಅವರ ಮಾತಿನಲ್ಲಿ, ಅವರು ಹೇಳುವ ಹಾಗೆಯೇ —

"ಹೆದ್ರಬ್ಯಾಡ ಮಗಾ, ಗಟ್ಟಿ ಹಿಡ್ಕ. ನಾನು ನಿನ್ನ ದಂಡೆಗೆ ಮುಟ್ಟಿಸ್ತೀನಿ."